ನನ್ನ ಜಪಾನ್ ಪ್ರವಾಸ ಮತ್ತು ಒಂದು ತುಂಡು ರೊಟ್ಟಿ

ಚೀಲ ತುಂಬುವುದೂ ಒಂದು ವಿದ್ಯೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದ ಕಾಲವೊಂದಿತ್ತು. ಗಜೇಂದ್ರಗಡದ ನೇಕಾರಿಕೆ ಸಾಲಿಯಲ್ಲಿ ನಾನು ಮಾಸ್ತರ. ಸೀರೆಯ ಹಾಸಿನಲ್ಲಿ ಒಂದು ಎಳೆ ತಪ್ಪಿದರೂ ಬಾಗಿಲಲ್ಲಿ ನಿಂತೇ ಕಂಡುಹಿಡಿಯುವ ಕಣ್ಣು ನನ್ನದು. ಅಂಥವನಿಗೆ ನಾಲ್ಕು ಅಂಗಿ, ಎರಡು ಧೋತರ ಒಂದು ಚೀಲದೊಳಗೆ ತುರುಕುವುದು ಯಾವ ದೊಡ್ಡ ಮಾತು? ಬೆಕ್ಕಿಗೆ ಹಾಲು ಕುಡಿಯುವುದನ್ನು ಕಲಿಸಬೇಕೆ!

ಆಗಿದ್ದು ಇಷ್ಟು. ಜಪಾನಿನ ಹಳ್ಳಿಗಳಲ್ಲಿ ಮನೆಮನೆಗೂ ಸಣ್ಣ ಮಗ್ಗಗಳಿವೆಯಂತೆ, ಅವುಗಳನ್ನು ಕಣ್ಣಾರೆ ಕಂಡು ಕಲಿತು ಬರಲು ನಮ್ಮ ಕಡೆಯಿಂದ ಸರಕಾರದವರು ಒಬ್ಬ ಮಾಸ್ತರನನ್ನು ಕಳಿಸುತ್ತಾರಂತೆ ಎಂಬ ಸುದ್ದಿ ಬಂತು. ನಾನು ಅರ್ಜಿ ಹಾಕಿದೆ. ಹಳ್ಳಿಯಿಂದ ಹಳ್ಳಿಗೆ ನಡೆದು ತಿರುಗಬೇಕಾದ್ದರಿಂದ ತನ್ನ ಬೆನ್ನ ಮೇಲೆ ತಾನೇ ಹೊರಬಲ್ಲ ಒಂದೇ ಒಂದು ಚೀಲ ತರತಕ್ಕದ್ದು, ಟ್ರಂಕು ತರಕೂಡದು ಎಂಬ ಕಟ್ಟಪ್ಪಣೆ ಬೇರೆ ಇತ್ತು. ನನ್ನ ಆತ್ಮವಿಶ್ವಾಸ ಎಂಥದೆಂದರೆ, ಅರ್ಜಿಯನ್ನು ಟಪಾಲಿಗೆ ಹಾಕಿದ ಮರುದಿನವೇ ಬೆಳವಣಕಿಗೆ ಹೋಗಿ ಚೀಲವನ್ನು ತಂದುಬಿಟ್ಟೆ. ಅಲ್ಲಿ ಯುದ್ಧದಿಂದ ಮರಳಿ ಹೊಲ ಮಾಡಿಕೊಂಡಿದ್ದ ಸುಬೇದಾರ ಫಕೀರಪ್ಪನವರ ಬಳಿ ಖಾಕಿ ಬಣ್ಣದ ಬೆನ್ನುಚೀಲವೊಂದಿತ್ತು. ಬರ್ಮಾ ದೇಶವನ್ನು ಕಂಡ ಚೀಲ! ಕೊಡುವಾಗ ಅವರು ಅದಕ್ಕೊಂದು ಸಲಾಮು ಹೊಡೆದರು. ನಾನೂ ಹೊಡೆದೆ.

“ಹಗೂರದ್ದು ಬುಡಕ ಹಾಕ್ರಿ, ಮಾಸ್ತರ್ರ. ವಜ್ಜಾದ್ದು ಮ್ಯಾಲ, ಬೆನ್ನಿಗೆ ಹತ್ತಿ ಇರಬೇಕು,” ಎಂದು ಅವರು ಬುದ್ಧಿ ಹೇಳಿದರು.

ನಾನು ತಲೆಯಾಡಿಸಿದೆ, ಒಳಗೊಳಗೇ ನಕ್ಕೆ. ಭಾರವಾದದ್ದು ಕೆಳಗಿರಬೇಕು ಎಂಬುದು ಕಾಳಿನ ಹಗೇವು ತುಂಬುವ ಕೂಸಿಗೂ ಗೊತ್ತು. ಮನೆಗೆ ಬಂದವನೇ ತಾಲೀಮಿಗೆಂದು ಚೀಲದ ತಳಕ್ಕೆ ಜೋಳ ಸುರಿದು, ಮೇಲೆ ಬಟ್ಟೆ ತುಂಬಿ, ಕಟ್ಟೆಯ ಮೇಲೆ ಕೂತು ಪಟ್ಟಿಗಳನ್ನು ಹೆಗಲಿಗೇರಿಸಿ, ‘ಜೈ’ ಎಂದು ಎದ್ದು ನಿಂತೆ. ನಿಂತದ್ದು ಅರೆಗಳಿಗೆ. ಆಮೇಲೆ ಆಕಾಶ ಕಂಡಿತು! ಬೆನ್ನಡಿಯಾದ ಆಮೆಯ ಹಾಗೆ ಕೈಕಾಲು ಆಡಿಸುತ್ತ ಅಂಗಳದಲ್ಲಿ ಬಿದ್ದುಕೊಂಡಿದ್ದ ನನ್ನನ್ನು ಎಬ್ಬಿಸಲು ಪಕ್ಕದ ಮನೆಯ ಪಾರ್ವತೆವ್ವ, ಆಕೆಯ ಗಂಡ, ದಾರಿಯಲ್ಲಿ ಹೊರಟಿದ್ದ ಎಣ್ಣೆ ಮಾರುವವ, ಇಷ್ಟು ಜನ ಕೂಡಬೇಕಾಯಿತು. ನನ್ನ ಹೆಂಡತಿ ಶಾಂತವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ನಮ್ಮ ಮಗಳು ಚಂದ್ರಿ ಮಾತ್ರ ಓಡಲಿಲ್ಲ. ನಾಲ್ಕು ವರ್ಷದ ಪೋರಿ ಅವಳು. ಜೋಳವೆಲ್ಲ ಚೆಲ್ಲಿ ಖಾಲಿಯಾದ ಚೀಲದೊಳಗೆ ತಾನೇ ಇಳಿದು ಕೂತು, ತಲೆಯೊಂದನ್ನೇ ಹೊರಗಿಟ್ಟು, “ಅಪ್ಪಾ, ನನ್ನ ಹೊರು. ನಾ ಬೀಳಸಂಗಿಲ್ಲ,” ಎಂದಳು.

ಆವತ್ತಿನಿಂದ ನನ್ನ ತಾಲೀಮಿನ ಭಾರ ಅವಳೇ. ಸಾಲಿ ಬಿಟ್ಟ ಮೇಲೆ ಸಂಜೆ ಅವಳನ್ನು ಚೀಲದಲ್ಲಿ ಹೊತ್ತುಕೊಂಡು ಕೋಟೆಗುಡ್ಡ ಹತ್ತುತ್ತಿದ್ದೆ. ಒಂದೊಂದು ತಿರುವಿನಲ್ಲೂ ಕಿವಿಯ ಹತ್ತಿರ ಒಂದೇ ಪ್ರಶ್ನೆ: “ಅಪ್ಪಾ, ಜಪಾನ ಬಂತೇನು?” ಇಲ್ಲವ್ವ, ಇನ್ನೂ ಸಮುದ್ರವೇ ಬಂದಿಲ್ಲ ಎನ್ನುತ್ತಿದ್ದೆ. ಸಮುದ್ರ ಎಂದರೇನು ಎಂದು ಕೇಳುವಳು. ನಾನೂ ಕಂಡವನಲ್ಲ, ಆದರೂ ಮಾಸ್ತರನಾದ್ದರಿಂದ ಸವಿಸ್ತಾರವಾಗಿ ವಿವರಿಸುತ್ತಿದ್ದೆ. ಖರೇನೇ ಹೋಗುವಾಗ ನಿನ್ನನ್ನೂ ಹಿಂಗೇ ಚೀಲದಾಗ ಹಾಕ್ಕೊಂಡು ಒಯ್ತೇನಿ ಎಂದು ಮಾತು ಕೊಟ್ಟಿದ್ದೆ. ಅವಳು ಅದನ್ನು ಓಣಿಯವರಿಗೆಲ್ಲ ಹೇಳಿಬಂದಿದ್ದಳು. ಸುಬೇದಾರರ ಮಾತು ನಿಜವೆಂದು ನನಗೆ ತಿಳಿದದ್ದೂ ಅವಳಿಂದಲೇ. ಬೆನ್ನಿಗಂಟಿ ಕೂತ ಭಾರ ಭಾರವೇ ಅನ್ನಿಸುತ್ತಿರಲಿಲ್ಲ.

ಶ್ರಾವಣದಲ್ಲಿ ಚಂದ್ರಿಗೆ ಜ್ವರ ಬಂತು. ಎರೆಮಣ್ಣಿನ ರಸ್ತೆ ಕೆಸರಾಗಿ ಮೋಟಾರು ನಿಂತಿತ್ತು. ಚಕ್ಕಡಿ ಕಟ್ಟಿಕೊಂಡು ರೋಣದ ದವಾಖಾನೆಗೆ ಒಯ್ದೆವು. ತಿರುಗಿ ಬರುವಾಗ ಅವಳು ಇರಲಿಲ್ಲ. ನಾನು ನಗೆಬರಹ ಬರೆಯಲು ಕೂತವನು, ಆದರೆ ಈ ಜಾಗದಲ್ಲಿ ಏನು ಬರೆಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಇಷ್ಟೇ ಬರೆದು ಮುಂದೆ ಹೋಗುತ್ತೇನೆ.

ಶಾಂತವ್ವ ಅಳಲಿಲ್ಲ. ಊರ ಹೆಂಗಸರು ಬಂದು ಅತ್ತು ಹೋದರು, ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಅತ್ತೆ, ಅವಳು ಮಾತ್ರ ರೊಟ್ಟಿ ಬಡಿದಳು, ನೀರು ತಂದಳು, ಅಂಗಳ ಸಾರಿಸಿದಳು. ಚಂದ್ರಿಗೆಂದು ಅವಳೊಂದು ಸಣ್ಣ ಕೌದಿ ಹೊಲಿಯುತ್ತಿದ್ದಳು. ತನ್ನ ಹಳೆಯ ಸೀರೆಗಳನ್ನು ಹರಿದು ಪದರ ಹಾಕಿ, ಸಾಲುಸಾಲಾಗಿ ದಾರ ಎಳೆದ ಕೌದಿ. ಮೂರು ಮೂಲೆ ಮುಗಿದು ನಾಲ್ಕನೆಯದು ತೆರೆದಿತ್ತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಒಂದು ತುಂಡು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಟ್ಟು ಹೊಲಿಯುತ್ತಾರೆ. ಹೊದ್ದವರು ಹಸಿದು ಮಲಗಬಾರದು ಎಂದು ಹಾಗೆ. ಬಾಯಿ ತೆರೆದ ಕೌದಿಯನ್ನು ಹೊಸ್ತಿಲು ದಾಟಿಸಬಾರದು ಎಂಬ ಕಟ್ಟಳೆಯೂ ಉಂಟು. ನಾನು ಕಲಿತವನಲ್ಲವೆ, ಬಟ್ಟೆಗೆ ಹಸಿವೆಲ್ಲಿಂದ ಬಂತು ಎಂದು ಹಿಂದೆಲ್ಲ ಚೇಷ್ಟೆ ಮಾಡುತ್ತಿದ್ದೆ. ಶಾಂತವ್ವ ಆ ಕೌದಿಯನ್ನು ಹಾಗೇ ಮಡಿಚಿ ಸಂದೂಕದ ತಳಕ್ಕೆ ಇಟ್ಟಳು. ಅಳದ ಹೆಂಗಸು ಒಳಗೇ ಕೊಳೆಯುತ್ತಾಳೆ, ಹ್ಯಾಂಗಾದರೂ ಮಾಡಿ ಒಮ್ಮೆ ಅಳಿಸಪ್ಪ ಎಂದು ಪಾರ್ವತೆವ್ವ ನನಗೆ ಹೇಳುತ್ತಿದ್ದಳು. ಹೆಂಡತಿಯನ್ನು ಅಳಿಸುವುದು ಗಂಡಂದಿರಿಗೆ ಸುಲಭ ಎನ್ನುತ್ತಾರೆ. ನನ್ನ ಕೈಲಿ ಅದೂ ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ನನ್ನನ್ನು ಆರಿಸಿದ್ದಾರೆಂದು ಹುಕುಂ ಬಂತು. ನಾನು ಹೋಗುವುದಿಲ್ಲ ಎಂದೆ. ಇವಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಯಾವ ಜಪಾನು, ಯಾವ ಮಗ್ಗ? ಶಾಂತವ್ವ ಹಿಟ್ಟು ನಾದುತ್ತಿದ್ದವಳು ಕತ್ತೆತ್ತದೆ ಹೇಳಿದಳು:

“ಹೋಗ್ರಿ. ಮಾತು ಕೊಟ್ಟೀರಿ.”

ಸರಕಾರಕ್ಕೆ ಕೊಟ್ಟ ಮಾತಿನ ಬಗ್ಗೆ ನನ್ನ ಹೆಂಡತಿಗೆ ಎಷ್ಟು ನಿಷ್ಠೆ ಎಂದು ನಾನು ಆಶ್ಚರ್ಯಪಟ್ಟೆ. ದಡ್ಡನಿಗೆ ಕೋಡು ಇರುವುದಿಲ್ಲ.

ಮುಂದೆ ಚೀಲ ತುಂಬುವ ಸಮಾರಂಭ. ಅದು ನನ್ನ ಚೀಲ ಎಂಬುದನ್ನು ನಾನೊಬ್ಬನೇ ನೆನಪಿಟ್ಟಿದ್ದೆ. ನರಗುಂದದಿಂದ ಮಾವನವರು ಮೋಟಾರು ಹತ್ತಿ ಬಂದರು, ಒಂದು ಕರಿ ಕಂಬಳಿ, ಒಂದು ಕೊಡೆ ತಂದರು. ಜಪಾನಿನಲ್ಲೂ ಕೊಡೆ ಸಿಗುತ್ತದೆ ಎಂದು ನಾನೆಂದರೆ, ಸಿಗಬಹುದು, ಆದರೆ ನರಗುಂದದ ಮಳೆ ತಡೆದ ಕೊಡೆ ಸಿಗುತ್ತದೇನು ಎಂದರು. ಕೊಡೆಯನ್ನೂ ಚೀಲಕ್ಕೆ ಕಟ್ಟಿದೆ. ಪಾರ್ವತೆವ್ವ ಒಂದು ಗಂಟು ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರದ ಚಟ್ನಿ ತಂದಳು. ಆ ದೇಶದ ಜನ ಹಸಿ ಮೀನು ತಿನ್ನುತ್ತಾರೆಂದು ಆಕೆಗೆ ಯಾರೋ ಹೇಳಿದ್ದರು. ನನ್ನನ್ನು ಹುಲಿಯ ಬಾಯಿಗೆ ಕಳಿಸುವವಳ ಹಾಗೆ ನೋಡುತ್ತ ಇನ್ನೆರಡು ರೊಟ್ಟಿ ಸೇರಿಸಿದಳು. ಓಣಿಯ ನೇಕಾರರು ಇಳಕಲ್ ಸೀರೆಯ ದಡಿಯಂಚಿನ ಮಾದರಿ ತುಂಡುಗಳನ್ನು ಕೊಟ್ಟರು. ಸುಬೇದಾರ ಫಕೀರಪ್ಪನವರು ಮೇಲ್ವಿಚಾರಣೆಗೆಂದು ಬೆಳವಣಕಿಯಿಂದ ಬಂದು, ಚೀಲದ ಬಾಯಿ ಕೂಡದ್ದನ್ನು ಕಂಡು, ಮೊಣಕಾಲೂರಿ ಕೂತು ಶತ್ರುವನ್ನು ಒತ್ತುವವರಂತೆ ಒತ್ತಿ ಬಿಗಿದರು. ಹೊತ್ತು ನೋಡುವಾಗ ನನ್ನ ಕೋಟಿನ ಗುಂಡಿಗಳು ಹಾರಿ ಪಾರ್ವತೆವ್ವನ ಕಾಲ ಬುಡಕ್ಕೆ ಬಿದ್ದವು.

ಹೊರಡುವ ಹಿಂದಿನ ದಿನ ಶಾಂತವ್ವ, ಚೀಲ ಒಂದೀಟು ನನ್ನ ಕಡೆ ಕೊಡ್ರಿ ಎಂದಳು. ಎಲ್ಲವನ್ನೂ ಶಿಸ್ತಿನಿಂದ ಇಟ್ಟಾಗಿದೆ, ಮುಟ್ಟಕೂಡದು ಎಂದು ಗಂಭೀರವಾಗಿ ಹೇಳಿ ನಾನು ಕ್ಷೌರಕ್ಕೆ ಹೋದೆ. ಬಂದು ನೋಡಿದರೆ ನಾನು ಇಟ್ಟದ್ದೆಲ್ಲ ಬೇರೆ ರೀತಿ ಕೂತಿತ್ತು. ಸಿಟ್ಟು ಬಂತು. ಆದರೆ ಹೊತ್ತಾಗ ಚೀಲ ಮೊದಲಿನ ಹಾಗೆ ಹಿಂದಕ್ಕೆ ಜಗ್ಗಲಿಲ್ಲ. ಆದ್ದರಿಂದ ಕ್ಷಮಿಸಿದೆ.

ಬೆಳಿಗ್ಗೆ ಹಾರ ಹಾಕಿ ಮೋಟಾರು ಹತ್ತಿಸಿದರು. ಶಾಂತವ್ವ ಬಾಗಿಲಲ್ಲೇ ನಿಂತಳು. ನನ್ನನ್ನಲ್ಲ, ನನ್ನ ಬೆನ್ನನ್ನು ನೋಡುತ್ತಿದ್ದಳು. ರೋಣಕ್ಕೆ ಬಂದು ಅಲ್ಲಿಂದ ಮಲ್ಲಾಪುರ ಸ್ಟೇಷನ್ನಿಗೆ ಬಂದೆ. ಗಾಡಿಯ ಬಾಗಿಲಿಗೆ ಚೀಲ ಅಡ್ಡವಾಗಿ ನಾನು ಒಳಗೂ ಇಲ್ಲ, ಹೊರಗೂ ಇಲ್ಲ. ಹಿಂದಿನಿಂದ ಯಾರೋ ಪುಣ್ಯಾತ್ಮ ತಲೆಯಿಂದ ಗುಮ್ಮಿದ ಮೇಲೆ ಒಳಗೆ ಬಿದ್ದೆ. ಧನ್ಯವಾದ ಹೇಳಲು ತಿರುಗಿದಾಗ ಬೆನ್ನ ಮೇಲಿನ ಕೊಡೆ ಒಬ್ಬ ಮುದುಕರ ರುಮಾಲನ್ನು ಕಿತ್ತುಕೊಂಡಿತು. ರುಮಾಲು ಕೊಡಲು ಇತ್ತ ತಿರುಗಿದಾಗ ಇನ್ನೊಬ್ಬರ ಕನ್ನಡಕವನ್ನು ಬೀಳಿಸಿತು. ಕೂತುಬಿಡ್ರಿ ಮಾರಾಯರೆ, ತಿರುಗಬ್ಯಾಡ್ರಿ ಎಂದು ಡಬ್ಬಿಯ ಜನ ಕೈಮುಗಿದರು. ಹುಬ್ಬಳ್ಳಿಯಲ್ಲಿ ಆ ಕೊಡೆಯನ್ನು ಒಬ್ಬ ಹಮಾಲನಿಗೆ ದಾನ ಮಾಡಿದೆ.

ಪುಣೆ ಇನ್ನೂ ದೂರವಿರುವಾಗ ಪಾರ್ವತೆವ್ವನ ಖಾರದ ಚಟ್ನಿಯ ಗಂಟು ಒಡೆಯಿತು. ಮೊದಲು ನಾನು ಸೀನಿದೆ. ಆಮೇಲೆ ಎದುರಿನವರು ಸೀನಿದರು. ಆಮೇಲೆ ಇಡೀ ಡಬ್ಬಿ ಜಾತಿ ಮತ ಭೇದವಿಲ್ಲದೆ ಸೀನಿತು! ಪ್ರಯಾಣಿಕರು ಒಮ್ಮತದಿಂದ ನಿರ್ಣಯ ಮಾಡಿದ ಪ್ರಕಾರ, ತಿನಿಸಿನ ಗಂಟನ್ನೆಲ್ಲ ಮುಂದಿನ ಸ್ಟೇಷನ್ನಿನಲ್ಲಿ ಭಿಕ್ಷುಕರಿಗೆ ಕೊಟ್ಟೆ. ರೊಟ್ಟಿ, ಶೇಂಗಾ ಚಟ್ನಿ ಏನೂ ಉಳಿಸಲಿಲ್ಲ. ಚೀಲ ಹಗುರಾಯಿತೆಂದು ಸಂತೋಷಪಟ್ಟೆ. ನನ್ನ ಸಂತೋಷಗಳೆಲ್ಲ ಇಂಥವೇ.

ಮುಂಬಯಿ ಬಂದರಿನಲ್ಲಿ ಹಡಗು ಮಧ್ಯಾಹ್ನಕ್ಕೆ ಹೊರಡುವುದಿತ್ತು. ದೇಶದ ಬಂಗಾರ ಹೊರಗೆ ಹೋಗಬಾರದೆಂದು ಎಲ್ಲರ ಸಾಮಾನನ್ನೂ ತಪಾಸಣೆ ಮಾಡುತ್ತಿದ್ದರು. ನನ್ನ ಪಾಳಿ ಬಂತು. ಅಧಿಕಾರಿ ಮರಾಠಿ ಮಾತಾಡುವವರು, ದಪ್ಪ ಮೀಸೆಯವರು. ಚೀಲದ ಬಾಯಿ ಬಿಚ್ಚಿ ಬಗ್ಗಿದವರೇ ಸೀನಿದರು. ಎರಡನೆಯ ಅಂಗಿ ತೆಗೆದು ಮತ್ತೆ ಸೀನಿದರು. ಮೂಗಿಗೆ ಕರವಸ್ತ್ರ ಹಿಡಿದು, ಬಲು ಸಂಶಯದಿಂದ ನನ್ನನ್ನೇ ನೋಡುತ್ತ ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಕಟ್ಟಕಡೆಗೆ, ಚೀಲದ ಬುಡದಿಂದ, ನಾನು ಇಡದ ಒಂದು ವಸ್ತು ಹೊರಬಂತು.

ಚಂದ್ರಿಯ ಕೌದಿ.

ಶಾಂತವ್ವನ ಮದುವೆಯ ಸೀರೆಯ ಕೆಂಪು ದಡಿ ಅಲ್ಲಿತ್ತು. ಸೀಮಂತದ ಹಸಿರು ಅಲ್ಲಿತ್ತು. ನಾಲ್ಕನೆಯ ಮೂಲೆಯನ್ನು ಮುಟ್ಟಿ ನೋಡಿದೆ. ಮುಚ್ಚಿತ್ತು. ಬೆರಳಿಗೆ ಒಳಗಿನ ಗಟ್ಟಿ ಗಂಟು ತಾಗಿತು. ಆಗ ನನಗೆ ತಿಳಿಯಿತು, ನಾನು ಮಾತು ಕೊಟ್ಟದ್ದು ಯಾರಿಗೆ ಎಂದು. ಸರಕಾರದ ಮಾತು ಶಾಂತವ್ವನಿಗೆ ಏತಕ್ಕೆ ಬೇಕು? ಮಗಳನ್ನು ಚೀಲದಲ್ಲಿ ಹಾಕಿ ಒಯ್ಯುತ್ತೇನೆಂದಿದ್ದೆ, ತಾಯಿ ಹಾಕಿ ಕೊಟ್ಟಿದ್ದಳು. ಹಗುರಾದದ್ದು ಬುಡಕ್ಕೆ. ನನಗೆ ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ಕೋಟು ಹಾಕಿಕೊಂಡು ನಿಂತು ಅತ್ತುಬಿಟ್ಟೆ.

ತನ್ನ ಗಂಟು ತಾನೇ ಕಂಡು ಅಳುವವನು ಕಳ್ಳನಲ್ಲದೆ ಮತ್ತೇನು? ಅಧಿಕಾರಿಗಳು ಮೂಲೆಯನ್ನು ಹಿಸುಕಿದರು. ಗಟ್ಟಿ! ಅವರ ಮೀಸೆ ಅರಳಿತು. ನಾನು ಬೇಡ ಬೇಡ ಎಂದಷ್ಟೂ ಅವರ ಅನುಮಾನ ಬಲಿಯಿತು. ಚಾಕು ತರಿಸಿ ಹೊಲಿಗೆಯನ್ನು ಕೊಯ್ದರು. ಒಣಗಿದ ರೊಟ್ಟಿಯ ತುಂಡು ಬಿದ್ದು ಪುಡಿಯಾಯಿತು. ಬೆಲ್ಲದ ಚೂರು ನೆಲಕ್ಕೆ ಉರುಳಿತು. ಒಳಗೇನಾದರೂ ಇದೆಯೋ ಎಂದು ಅದನ್ನು ಬೂಟಿನಿಂದ ಒತ್ತಿ ನೋಡಿದರು. ಬೆಲ್ಲದೊಳಗೆ ಬೆಲ್ಲವೇ ಇತ್ತು.

ಇದೇನು ಎಂದು ಕೇಳಿದರು. ನನ್ನ ಹರಕು ಮರಾಠಿಯಲ್ಲಿ, ಅದು ಕೌದಿಯ ಊಟ ಎಂದೆ. ಯಾರ ಕೌದಿ ಎಂದರು. ಮಗಳದು ಎಂದೆ. ನೀವು ಒಬ್ಬರೇ ಹೋಗುವವರು, ಮಗಳು ಎಲ್ಲಿ ಎಂದರು. ನಾನು ಕೌದಿಯ ಕೊಯ್ದ ಮೂಲೆಯನ್ನು ಮಡಿಚಿ ಹಿಡಿದೆ. ಅವರು ಚಾಕುವನ್ನು ಮೇಜಿನ ಮೇಲಿಟ್ಟರು. ಆಮೇಲೆ ಬಗ್ಗಿ ರೊಟ್ಟಿಯ ಪುಡಿಯನ್ನು ಕೈಯಲ್ಲಿ ಬಳಿದು ಕೂಡಿಸಲು ನೋಡಿದರು, ಅದು ಕೂಡಲಿಲ್ಲ. ತಾವೇ ನನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಿಚಿ ತುಂಬಿ, ಚೀಲಕ್ಕೆ ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಇನ್ನೂ ಹೊತ್ತಿದೆ, ನಿಧಾನ ಹೋಗಿ ಹತ್ತಿರಿ ಎಂದರು.

ಹತ್ತಬಹುದಿತ್ತು. ಹಡಗು ಎದುರಿಗೇ ಇತ್ತು. ಆದರೆ ಬಾಯಿ ತೆರೆದ ಕೌದಿಯನ್ನು ಹ್ಯಾಗೆ ದಾಟಿಸಲಿ? ಬಟ್ಟೆಗೆ ಹಸಿವಿಲ್ಲ ಎಂದು ಚೇಷ್ಟೆ ಮಾಡಿದ್ದ ಮಾಸ್ತರ ಚೀಲ ಹೊತ್ತು, ಒಂದು ತುಂಡು ಜೋಳದ ರೊಟ್ಟಿಗಾಗಿ ಗೇಟಿನ ಹೊರಗೆ ಓಡಿದ. ಒಂದು ಗಂಟು ರೊಟ್ಟಿ ದಾನ ಮಾಡಿ ಬಂದ ಪುಣ್ಯವಂತ!

ಮೊದಲು ಸಿಕ್ಕದ್ದು ಉಡುಪಿ ಹೋಟೆಲು. ಇಡ್ಲಿ ಇತ್ತು. ಕೌದಿಯೊಳಗೆ ಇಡ್ಲಿ ಇಟ್ಟು ಹೊಲಿಯುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಮುಂದಿನ ಅಂಗಡಿಯಲ್ಲಿ ಪಾವು ಬ್ರೆಡ್ಡು ಇತ್ತು. ಅದರ ಮುಂದೆ ಚಪಾತಿ ಇತ್ತು, ಆದರೆ ಚಂದ್ರಿಗೆ ಗೋಧಿ ಸೇರುತ್ತಿರಲಿಲ್ಲ. ಓಡಿ ಓಡಿ, ಹಡಗುಕಟ್ಟೆಗಳ ಹಿಂದಿನ ಓಣಿಯೊಂದರಲ್ಲಿ ಹಮಾಲರಿಗೆ ಭಕ್ಕರಿ, ಅಂದರೆ ನಮ್ಮ ಜೋಳದ ರೊಟ್ಟಿಯನ್ನೇ, ಮಾರುತ್ತ ಕೂತಿದ್ದ ಒಬ್ಬ ಹೆಂಗಸನ್ನು ಕಂಡೆ. ನನ್ನ ಮರಾಠಿ ಕೇಳಿದವಳೇ, “ಯಾವೂರಪಾ?” ಎಂದಳು. ವಿಜಾಪುರದ ಕಡೆಯವಳು! ನಾನು ಅಲ್ಲೇ ಕೂತುಬಿಟ್ಟೆ. ಕೌದಿಯನ್ನು ನೋಡಿದೊಡನೆ ಆಕೆಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ರೊಟ್ಟಿಯ ತುಂಡು ಮುರಿದಳು, ತನ್ನ ಗಂಟಿನಿಂದ ಬೆಲ್ಲ ಕೊಟ್ಟಳು, ಸೂಜಿಗೆ ದಾರ ಪೋಣಿಸಿದಳು, ತಾ ಇಲ್ಲಿ, ನಾ ಹಾಕ್ತೇನಿ ಎಂದು ಕೈಚಾಚಿದಳು.

ಕೊಟ್ಟಿದ್ದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ನಾನು ಇಂದು ಜಪಾನ್ ಕಂಡವನಾಗಿರುತ್ತಿದ್ದೆ. ಆದರೆ ನಾನು ಕೊಡಲಿಲ್ಲ. ಚಂದ್ರಿಯ ತಾಯಿ ಹಾಕಿದ ಹೊಲಿಗೆಯನ್ನು ಕೊಯ್ಯಲು ಬಿಟ್ಟವನು ನಾನು, ನಾನೇ ಹಾಕುತ್ತೇನೆ ಎಂದೆ. ಹುಟ್ಟಿದಂದಿನಿಂದ ನೂಲಿನ ನಡುವೆ ಬೆಳೆದ ಕೈ, ಒಂದು ಮೂಲೆ ಹೊಲಿಯಲಾರದೆ? ಆಗಲಿಲ್ಲ! ಕಣ್ಣು ಮಂಜಾಗಿತ್ತು. ದಾರ ಗಂಟಾಯಿತು, ಬಿಚ್ಚಿದೆ. ಬೆರಳಿಗೆ ಚುಚ್ಚಿತು, ಒರೆಸಿಕೊಂಡೆ. ಹೊಲಿದು ನೋಡಿದರೆ ಕೌದಿ ನನ್ನ ಧೋತರಕ್ಕೆ ಕೂಡಿತ್ತು. ಮತ್ತೆ ಬಿಚ್ಚಿದೆ. ಹಡಗು ಕೂಗಿದ್ದು ಕೇಳಿಸಿತು. ಹೊಲಿಯುತ್ತಲೇ ಇದ್ದೆ. ಎರಡನೆಯ ಸಲ ಕೂಗಿದಾಗ ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದು ಓಡಿದೆ.

ಹಡಗಿನ ಬೆನ್ನು ಕಂಡಿತು. ನನ್ನ ಬೆನ್ನಿನಂತೆ ಅದರ ಮೇಲೆ ಗಂಟುಗಳಿರಲಿಲ್ಲ, ಸಲೀಸಾಗಿ ಹೊರಟುಹೋಯಿತು. ದಂಡೆಯ ಕಟ್ಟೆಯ ಮೇಲೆ ಕೂತು ಚೀಲವನ್ನು ಇಳಿಸಿದೆ. ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡೆ. ಅದುವರೆಗೆ ಗಡಿಬಿಡಿಯಲ್ಲಿ ನಾನೂ ಸರಿಯಾಗಿ ನೋಡಿರದ ಸಮುದ್ರ ಮುಂದಿತ್ತು. ನಾನು ಕೋಟೆಗುಡ್ಡದ ಮೇಲೆ ವಿವರಿಸಿದ್ದೆಲ್ಲ ತಪ್ಪಾಗಿತ್ತು. ನೋಡವ್ವ ಚಂದ್ರಿ, ಇದು ಎಂದೆ. ಬಹಳ ಹೊತ್ತು ಕೂತಿದ್ದೆವು.

ಗಜೇಂದ್ರಗಡಕ್ಕೆ ಮರಳಿದಾಗ ಹಾರ ಹಾಕಲು ಯಾರೂ ಇರಲಿಲ್ಲ. ಮೋಟಾರಿನ ಕಂಡಕ್ಟರ, ಜಪಾನ ಇಷ್ಟ ಲಗೂ ಮುಗೀತೇನ್ರಿ ಎಂದು ಕೇಳಿದ. ಸಣ್ಣ ದೇಶಪ್ಪ ಎಂದೆ.

ಶಾಂತವ್ವ ಬಾಗಿಲಲ್ಲಿ ನನ್ನನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದಳು. ಚೀಲ ಇಳಿಸಿಕೊಂಡು, ಬುಡಕ್ಕೆ ಕೈಹಾಕಿ ಕೌದಿ ತೆಗೆದು, ಮೂಲೆಯ ಮೇಲೆ ಬೆರಳಾಡಿಸಿದಳು.

“ಇದು ನನ್ನ ಹೊಲಿಗಿ ಅಲ್ಲ,” ಎಂದಳು.

ಆದದ್ದನ್ನೆಲ್ಲ ಹೇಳಿದೆ. ಚಾಕು, ಬೆಲ್ಲ, ವಿಜಾಪುರದವಳು, ಧೋತರ, ಹಡಗು. ಅವಳು ಕೇಳುತ್ತ ನಿಂತಿದ್ದಳು. ಕಡೆಗೆ ಮೆಲ್ಲಗೆ ಕೇಳಿದಳು:

“ಆಕಿ ಎಲ್ಲಿತನಕ ಹೋಗಿದ್ಲು?”

“ಸಮುದ್ರದ ತನಕ,” ಎಂದೆ. “ನೋಡಿದ್ಲು.”

ಶಾಂತವ್ವ ಹೊಸ್ತಿಲ ಮೇಲೆ ಕೂತು, ಕೌದಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಶ್ರಾವಣದಿಂದ ಹಿಡಿದಿಟ್ಟದ್ದೆಲ್ಲ ಬಂತು. ನಾನು ಪಕ್ಕದಲ್ಲಿ ಕೂತೆ. ಸದ್ದು ಕೇಳಿ ಓಡಿಬಂದ ಪಾರ್ವತೆವ್ವ, ಹಡಗು ತಪ್ಪಿಸಿಕೊಂಡು ಬಂದು ಹೆಂಡತಿಯನ್ನು ಅಳಿಸುತ್ತೀಯಲ್ಲ, ನೀ ಕಲಿತದ್ದಕ್ಕೆ ಬೆಂಕಿ ಹತ್ತಲಿ ಎಂದು ನನಗೆ ಯಥೇಚ್ಛ ಬೈದಳು. ಅಷ್ಟು ಸುಖವಾಗಿ ನಾನು ಯಾರ ಬೈಗುಳವನ್ನೂ ಉಂಡಿಲ್ಲ.

ಜಪಾನಿಗೆ ಬೇರೆ ಮಾಸ್ತರರು ಹೋಗಿಬಂದರು. ಊರಲ್ಲಿ ನನ್ನ ಹೆಸರು ಮಾತ್ರ ಜಪಾನ್ ಮಾಸ್ತರ ಎಂದೇ ನಿಂತಿತು. ಚೀಲದಲ್ಲಿ ಈಗ ಉಳ್ಳಾಗಡ್ಡಿ ಇರುತ್ತದೆ. ಕೌದಿಯ ಆ ಮೂಲೆಯನ್ನು ಬಿಚ್ಚಿ ನೆಟ್ಟಗೆ ಹೊಲಿ ಎಂದು ಎಷ್ಟೋ ಸಲ ಹೇಳಿದ್ದೇನೆ, ಶಾಂತವ್ವ ಮುಟ್ಟುವುದಿಲ್ಲ. ಮನೆಗೆ ಬಂದವರಿಗೆ ತೆಗೆದು ತೋರಿಸುತ್ತಾಳೆ. ನಾಲ್ಕು ಮೂಲೆಗಳಲ್ಲಿ ನೇಕಾರಿಕೆ ಸಾಲಿಯ ಮಾಸ್ತರನದು ಯಾವುದು ಎಂದು ಹೇಳಲು ಇದುವರೆಗೆ ಯಾರಿಗೂ ಎರಡನೆಯ ಸಲ ನೋಡಬೇಕಾಗಿಲ್ಲ.